ಸ್ಟೇಟ್ ಬ್ಯಾಂಕು, ಅಲ್ಲಿಂದ ಜಪ್ಪು

ಬಿಜೈಯಲ್ಲಿ ರಾತ್ರಿಬಸ್ಸು ನಮ್ಮನ್ನು ಸುರುವಿದಾಗ ಇನ್ನೂ ಕತ್ತಲು.
ಭಾವನ ಚೀಟಿಯಲ್ಲಿ ಒಂದೇ ಸಾಲು:
ಸ್ಟೇಟ್ ಬ್ಯಾಂಕಿಗೆ ಹೋಗು, ಅಲ್ಲಿಂದ ಜಪ್ಪು.
ಜೊತೆಯವರು ಯಾರೋ ರಿಕ್ಷಾದಲ್ಲಿ ಬಿಟ್ಟುಹೋದರು.
ಬ್ಯಾಂಕು ತೆರೆಯುವ ತನಕ ಮೆಟ್ಟಿಲ ಮೇಲೆ ಕೂತೆ.
ತೆರೆದೊಡನೆ ಒಳಗೆ ಹೋಗಿ
ಬಂದೂಕಿನವನನ್ನು ಕೇಳಿದೆ:
"ಅಣ್ಣಾರ, ಜಪ್ಪಿನ ಬಸ್ಸು ಎಷ್ಟೊತ್ತಿಗ್ರಿ?"
ಅವನು ನಗಲಿಲ್ಲ. ಅದು ಅವನ ದೊಡ್ಡಗುಣ.
ನೀರು ಕೊಟ್ಟ, ಗಾಜಿನಾಚೆ ಕೈಮಾಡಿದ:
ರಸ್ತೆ ಮುಚ್ಚುವಷ್ಟು ಬಸ್ಸು,
ಒಂದೊಂದರ ಬಾಗಿಲಲ್ಲೂ ನೇತಾಡುವ ಕೂಗುಮಾರಿ.

"ಓಡೆಗ್?" ಅಂದ ಕಂಡಕ್ಟರು.
ಓಡು ಅಂದನೆಂದು ಓಡಿದೆ,
ರೋಣದ ಸಂತೆಯ ಹೊಸ ಚಪ್ಪಲಿಯ ಉಂಗುಟ ಕಿತ್ತುಬಂತು.
ಹೇಗೋ ಹತ್ತಿಸಿಕೊಂಡರು. ತುಸು ಹೊತ್ತಿಗೆ ಎಲ್ಲೋ ಒಂದು ಕಡೆ
"ಜಪ್ಪುಲೆ, ಜಪ್ಪುಲೆ" ಎಂದು ಸೀಟಿ.
ಬಂತಲ್ಲ ಎಂದು ಖುಷಿಯಿಂದ ಇಳಿದೆ.
ಅದು ಜಪ್ಪು ಅಲ್ಲ.
ಇಳಿಯಿರಿ ಅನ್ನಲಿಕ್ಕೆ ಇಲ್ಲಿ ಹಾಗೆ ಅನ್ನುತ್ತಾರೆ.
ಮರುದಿನ ಜಪ್ಪಿನಲ್ಲೇ "ಜಪ್ಪುಲೆ" ಅಂದಾಗ
ಇನ್ನೊಮ್ಮೆ ಮೋಸಹೋಗಬಾರದೆಂದು
ಜಪ್ಪಯ್ಯ ಅಂದರೂ ಜಗ್ಗಲಿಲ್ಲ ನಾನು.
ಮಂಗಳಾದೇವಿ ತನಕ ಹೋಗಿ, ತೆಪ್ಪಗೆ ನಡೆದು ಬಂದೆ.

ಸೀರೆಗೆ ಫಾಲ್ಸು ಹೊಲಿಯುವುದು ನನ್ನ ಕೆಲಸ.
ಹಂಪನಕಟ್ಟೆಯ ಅಂಗಡಿಯಿಂದ ಚೀಲ ತರುವುದು,
ಹೊಲಿದು ಒಯ್ಯುವುದು. ಸೀರೆಗೆ ಇಪ್ಪತ್ತು ರೂಪಾಯಿ.
ತೋರುಬೆರಳ ತುದಿ ಜರಡಿ.
ಸಂಜೆಯ ಬಸ್ಸಿನಲ್ಲಿ ನಿಂತವರ ಚೀಲ ಕೂತವರ ಮಡಿಲಿಗೆ,
ಕೇಳುವಂತಿಲ್ಲ, ಕೊಡುವುದಷ್ಟೆ.
ಒಮ್ಮೆ ಒಬ್ಬ ಕ್ರೈಸ್ತ ಸನ್ಯಾಸಿನಿ
ಯಾರದೋ ಮದುವೆಯ ಹನ್ನೊಂದು ಸೀರೆ ಹಿಡಿದು ಕೂತಿದ್ದರು.
ಕಿತ್ತಳೆ ಬಣ್ಣದ ಒಂದು ಅಂಚನ್ನು
ಹೊರಗೆಳೆದು, ಸವರಿ, ಹಾಗೇ ಒಳಗೆ ತುರುಕಿದರು.
ನಾನು ಕಿಟಕಿ ಕಡೆ ನೋಡಿದೆ.

ಈ ಊರಿನ ದಾರಿ ಕಣ್ಣಿಂದ ಕಲಿಯುವಂಥದ್ದಲ್ಲ.
ಜ್ಯೋತಿಯಲ್ಲಿ ಇಳಿದರೆ ಜ್ಯೋತಿ ಟಾಕೀಸು ಇಲ್ಲ.
ಪಂಪ್‌ವೆಲ್ಲಿನಲ್ಲಿ ಪಂಪೂ ಇಲ್ಲ, ಬಾವಿಯೂ ಇಲ್ಲ,
ಮೇಲ್ಸೇತುವೆಯ ಅಡಿಗೆ ಬರೀ ದೂಳು, ಕೇರಳದ ಲಾರಿ.
ಮೋರ್ಗನ್ಸ್ ಗೇಟಿನಲ್ಲಿ ಮೋರ್ಗನ್ ಯಾರೆಂದು ಯಾರಿಗೂ ಗೊತ್ತಿಲ್ಲ,
ಗೇಟನ್ನಂತೂ ನಾನು ಕಂಡಿಲ್ಲ.
"ಮತ್ತ್ಯಾಕ್ರೀ ಆ ಹೆಸರು?" ಎಂದೆ, ಮನೆಯೊಡತಿ ಸೆವ್ರಿನ್ ಬಾಯಿಗೆ.
ಬಂಗುಡೆ ಕೊಯ್ಯುತ್ತಿದ್ದರು. ತಲೆಯೆತ್ತದೆ ಹೇಳಿದರು:
"ನನ್ನ ಗಂಡ ತೀರಿ ಹತ್ತೊಂಬತ್ತು ವರ್ಷ ಆಯ್ತು ಮಾರಾಯ್ತಿ.
ಪೋಸ್ಟಿನವ ಈಗ ಸಹ ಇದನ್ನು ಫೆಲಿಕ್ಸನ ಮನೆ ಅಂತಲೇ ಹೇಳುದು.
ಬೇರೆ ಎಂಥ ಹೇಳುದು?"

ಆ ಮನೆಯೂ ಹೋಯಿತು. ಬಾಯಿ ಮಗಳಲ್ಲಿಗೆ,
ನಾನು ಬಿಕರ್ನಕಟ್ಟೆಗೆ, ಮಿಷನ್ನು ಟೆಂಪೋದಲ್ಲಿ.

ಮೊನ್ನೆ ಬಹಳ ದಿನಕ್ಕೆ ಆ ಕಡೆ ಹೋದೆ, ರಿಕ್ಷಾದಲ್ಲಿ ಪಾಲು.
ಪಕ್ಕದ ಹೆಂಗಸಿನ ಮೀನಿನ ಚೀಲ ನನ್ನ ಕಾಲ ಮೇಲೆ.
"ಫಾಲ್ಸಕ್ಕನ ತಿರುವಿನಲ್ಲಿ ಉಂತಾಲ ಮಗಾ" ಎಂದಳು ಅವಳು.
ಹಾಗೆ ನನ್ನನ್ನು ಕರೆಯುತ್ತಿದ್ದುದು
ನನ್ನ ಬಾಗಿಲಿಗೆ ಬಂದವರು ಮಾತ್ರ.
ಹಸಿರು ಪರದೆ ಹೊದ್ದ ಐದು ಮಾಳಿಗೆ, ಒಂದು ಟ್ರಾನ್ಸ್‌ಫಾರ್ಮರು,
ಬಾಗಿಲು ಇದ್ದ ಕಡೆ ಜಲ್ಲಿರಾಶಿ.
ಮೀಸೆ ಆಗಷ್ಟೇ ಮೂಡಿದ ಚಾಲಕನನ್ನು
ಆದಷ್ಟೂ ಈ ಊರಿನವಳಂತೆ ಕೇಳಿದೆ:
"ಆ ಹೆಸರು ಯಾಕೆ ಬಂದದ್ದು?"
ಅವನು ಕನ್ನಡಿಯಲ್ಲಿ ನನ್ನ ಮುಖ ಹುಡುಕಿದ:
"ಯಾರಿಗೆ ಗೊತ್ತುಂಟು ಅಕ್ಕಾ. ಮೊದಲಿಂದ ಹಾಗೆಯೇ.
ನೀವು ಮಂಗಳೂರಿಗೆ ಹೊಸಬರಾ?"

"ಹೌದ್ರೀ" ಅಂದೆ.
ಮೀನಿನ ಚೀಲ ಒಸರಿ
ಸೀರೆಯ ನೆರಿಗೆ ತಣ್ಣಗಾಗುತ್ತಿತ್ತು.