ಹೂಂ ಎಂದದ್ದು

ದಾವಣಗೆರೆಯ ಕೌಟುಂಬಿಕ ನ್ಯಾಯಾಲಯದಲ್ಲಿ
ಹದಿನಾಲ್ಕು ವರ್ಷದಿಂದ ನಾನು ಬೆರಳಚ್ಚುಗಾರ್ತಿ.
ಸಾಹೇಬರು ಹೇಳುತ್ತಾರೆ, ನಾನು ಒತ್ತುತ್ತೇನೆ.
ತಂತ್ರಾಂಶದ ಹೆಸರು ನುಡಿ.
ಅದರಲ್ಲಿ ಅಳುವಿಗೆ ಕೀಲಿಯಿಲ್ಲ.
ಸುಮ್ಮನಿರುವುದಕ್ಕೂ ಇಲ್ಲ,
ಉದ್ದನೆಯ ಸ್ಪೇಸ್ ಬಾರ್ ಒಂದಿದೆ, ಅಷ್ಟೆ.

ನೇತ್ರಾವತಿಯ ಕೇಸು ಮಧ್ಯಾಹ್ನದ ಪಟ್ಟಿಯಲ್ಲಿತ್ತು.
ಆಸ್ಪತ್ರೆಯ ಚೀಟಿ ನಿಶಾನೆ ಪಿ-4.
ಮಣಿಕಟ್ಟಿನ ಎಕ್ಸ್-ರೇ ನಿಶಾನೆ ಪಿ-5.
ಕಾಗದವಾದರೆ ನಿಶಾನೆ.
ಕುತ್ತಿಗೆಯ ಮೇಲೆ ಅವಳು ಸೆರಗೆಳೆದು ಮುಚ್ಚಿಕೊಂಡದ್ದು
ಬರೀ ಕಲೆ.

ಹಾಲೇಶನ ವಕೀಲರು ಎದ್ದು
ಬಹಳ ಮೆತ್ತಗೆ ಹೇಳಿದರು:
ಹೊಡೆದಿದ್ದಾನೆಂದೇ ಇಟ್ಟುಕೊಳ್ಳೋಣ ಸ್ವಾಮಿ,
ಹೊಡೆದದ್ದು ಹೆಂಡತಿಗೆ. ಮಗುವಿನ ಮೈಮೇಲೆ ಒಂದು ಗೀರೂ ಇಲ್ಲ.
ತಂದೆಯಾಗಿ ಅವನ ಮೇಲೆ ಏನು ದೂರು?

ಒತ್ತಿದೆ, ಅಲ್ಪವಿರಾಮ ಸಮೇತ.
ಆ ಹೊತ್ತಲ್ಲಿ ಮಗು ಎಲ್ಲಿತ್ತೆಂದು ಯಾರೂ ಕೇಳಲಿಲ್ಲ.
ಮಂಚದ ಕೆಳಗೆ, ಮಿಕ್ಸಿಯ ರಟ್ಟಿನ ಡಬ್ಬದ ಹಿಂದೆ,
ತನ್ನ ಬಾಯಿಗೆ ತಾನೇ ಅಂಗೈ ಒತ್ತಿ.
ಆಪ್ತಸಮಾಲೋಚಕಿಯ ವರದಿಯಲ್ಲಿ ಅದು ಮೂರನೇ ಪುಟ.
ಎರಡನೇ ಪುಟಕ್ಕೇ ಊಟದ ಹೊತ್ತಾಗಿತ್ತು.

ಆಮೇಲೆ ಇಂಚರಳನ್ನು ಚೇಂಬರಿಗೆ ಕರೆದರು.
ಏಳು ವರ್ಷ. ಎರಡು ಜಡೆ, ಒಂದಕ್ಕೆ ಮಾತ್ರ ರಿಬ್ಬನ್ನು.
ಸಾಹೇಬರು ಒಳ್ಳೆಯವರೇ, ಚಾಕೊಲೇಟು ಕೊಟ್ಟರು.
ಅಪ್ಪನ ಜೊತೆ ಹೋಗ್ತೀಯೇನವ್ವಾ?
ಫ್ಯಾನು ಕೆಟ್ಟಿದೆ, ಸೆಕೆಯೆಂದು ಬಾಗಿಲು ತೆಗೆದಿತ್ತು.
ಹೊರಗೆ ಬೆಂಚಿನ ಪಕ್ಕ
ಕಂದು ಚಪ್ಪಲಿಯ ಒಂದು ಕಾಲು
ನೆಲ ತಟ್ಟುತ್ತಿತ್ತು, ನಿಧಾನಕ್ಕೆ.
ಹೂಂ, ಅಂದಳು.
ನಕ್ಕಳು ಕೂಡ.

ನಮ್ಮ ಅಬ್ಬಾ ಮಂಡಕ್ಕಿ ಭಟ್ಟಿಯಲ್ಲಿ ದುಡಿದವರು.
ಕಾದ ಮರಳಿಗೆ ಬಿದ್ದ ಅಕ್ಕಿ
ಬೆಳ್ಳಗೆ ಅರಳುತ್ತದೆ,
ದೂರದಿಂದ ನೋಡಿದವರಿಗೆ ನಕ್ಕ ಹಾಗೇ.
ನನಗೆ ಗೊತ್ತಿತ್ತು. ಆದರೂ ಒತ್ತಿದೆ:
'ಮಗುವನ್ನು ಖುದ್ದಾಗಿ ಆಲಿಸಲಾಯಿತು.
ತಂದೆಯೊಂದಿಗೆ ಸಂತೋಷದಿಂದ ಹೋಗಲು ಒಪ್ಪಿರುತ್ತದೆ.
ಎರಡನೇ ಮತ್ತು ನಾಲ್ಕನೇ ಶನಿವಾರ, ಹತ್ತರಿಂದ ಐದು.'

ನಾಲ್ಕನೇ ಶನಿವಾರ ಕೋರ್ಟಿಗೆ ರಜೆ.
ಮಗನಿಗೆ ಕುಂದವಾಡದ ಗಾಜಿನ ಮನೆ ತೋರಿಸಲು ಹೋಗಿದ್ದೆ.
ಗೇಟಿನ ಹತ್ತಿರ ಅವರು.
ತಾಯಿ ಹತ್ತು ಹೆಜ್ಜೆ ಈಚೆ, ಅವನು ಬೈಕಿನ ಮೇಲೆ,
ನಡುವೆ ಮಗು, ಬೆನ್ನಿಗೆ ಶಾಲೆಯ ಚೀಲ.
ಏನೋ ಗುನುಗುತ್ತಿತ್ತು. ಮಗ್ಗಿ ಅಂದುಕೊಂಡೆ.
ಒಂಬತ್ತು, ಎಂಟು, ಸೊನ್ನೆ, ಮತ್ತೆ ಎಂಟು...
ತಾಯಿಯ ಫೋನ್ ನಂಬರು.

ನನ್ನ ಗುರುತು ಹಿಡಿದು ಹತ್ತಿರ ಬಂದಳು.
ನೀವು ಬರೆಯೋ ಆಂಟಿ ಅಲ್ವಾ?
ನಾನು ಹೂಂ ಅಂದಿದ್ದು
ರಬ್ಬರಲ್ಲಿ ಅಳಿಸೋಕೆ ಬರುತ್ತಾ?

ಬೈಕು ಹಾರನ್ ಹೊಡೆಯಿತು, ಎರಡು ಸಲ.

ಸಹಿಯಾದ ಮೇಲೆ ಬರುವುದಿಲ್ಲ ಮಗೂ
ಎಂದು ನಾನು ಹೇಳಲಿಲ್ಲ. ಏನೂ ಹೇಳಲಿಲ್ಲ.
ಕೈಯಲ್ಲಿದ್ದ ಮಂಡಕ್ಕಿ ಪೊಟ್ಟಣ ಕೊಟ್ಟೆ.
ತಗೊಳ್ತೀಯಾ ಅಂದರೆ, ಅದಕ್ಕೂ ಹೂಂ ಅಂದಳು.

ಮುಂದಿನ ತಿಂಗಳು ನೇತ್ರಾವತಿಯ ಹೊಸ ಅರ್ಜಿ:
ಮಗು ಶುಕ್ರವಾರ ರಾತ್ರಿಯಷ್ಟೇ ಹಾಸಿಗೆ ಒದ್ದೆ ಮಾಡುತ್ತದೆ.
ವಾಯಿದೆಯ ದಿನ ಸಾಹೇಬರು ಹಳೆಯ ಆದೇಶ ತೆಗೆಸಿ
ನನಗೆ ಬರೆಸಲು ಗಟ್ಟಿಯಾಗಿ ಓದತೊಡಗಿದರು.
ಮಗುವನ್ನು ಖುದ್ದಾಗಿ...
ಆಲಿಸಲಾಯಿತು ಎಂಬಲ್ಲಿ ನನ್ನ ಬೆರಳು ನಿಂತಿತು.
ಯಾಕಮ್ಮ ಶಾಹೀನಾ, ಕರೆಂಟ್ ಹೋಯ್ತಾ?
ಹದಿನಾಲ್ಕು ವರ್ಷದಲ್ಲಿ ಆ ಹಾಲಿನಲ್ಲಿ
ನಾನಾಗಿ ಆಡಿದ ಮೊದಲ ವಾಕ್ಯ:
ಸಾರ್, ಅವತ್ತು ಬಾಗಿಲು ತೆಗೆದಿತ್ತು.

ವಕೀಲರು ಆಕ್ಷೇಪ ಎಂದರು. ಸರಿಯೇ, ನಾನು ಸಾಕ್ಷಿಯಲ್ಲ.
ಸಾಹೇಬರು ಚೇಂಬರಿನ ಬಾಗಿಲನ್ನೇ
ಬಹಳ ಹೊತ್ತು ನೋಡಿದರು.
ಇದನ್ನು ಬರೆದುಕೊಳ್ಳಬೇಡ ಎಂದು ನನಗೆ ಹೇಳಿ
ಜವಾನನ ಕಡೆ ತಿರುಗಿದರು:
ಮೊದಲು ವರಾಂಡ ಖಾಲಿ ಮಾಡಿಸು.
ಆಮೇಲೆ ಮಗುವನ್ನು ಕರಿ.