ಮೂರನೆಯ ಸಾಲು

ಮುಂದಿನ ಸೀಟಿನಲ್ಲಿ ಚಳಿಗಾಲ, ಹಿಂದೆ ಒಲೆ.
ಗಾಡಿ ಒಂದೇ ಉಸ್ತಾದ್, ಕಾಲ ಎರಡು, ಎಂದ ಮಿಝ್‌ಹರ್,
ಬಂದರಿನಲ್ಲಿ ಸುಂಕದ ಗುಮಾಸ್ತ, ಐದು ಮಕ್ಕಳ ತಂದೆ.
ಬಸ್ರಾದಲ್ಲಿ ಅವತ್ತು ನಲವತ್ತೊಂಬತ್ತು ಡಿಗ್ರಿ.
ಸ್ಪ್ಯಾನರು ನೆಲದ ಮೇಲಿಟ್ಟರೆ
ಮತ್ತೆ ಎತ್ತಿಕೊಳ್ಳಲು ಬಟ್ಟೆ ಬೇಕು.

ಮೂವತ್ತು ವರ್ಷ ಇದೇ ಕೆಲಸ ಮಾಡಿದವನಿಗೆ
ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಗೊತ್ತಿರುತ್ತದೆ.
ಅದೇ ನನ್ನ ಕಾಯಿಲೆ.
ಗ್ಯಾಸು ಸೋರಿದೆ, ಎಂದೆ.
ಹಿಂದಕ್ಕೆ ಹೋಗುವ ಅಲ್ಯೂಮಿನಿಯಂ ಕೊಳವೆ
ಚಕ್ರದ ಹತ್ತಿರ ಕಲ್ಲೇಟು ತಿಂದು ತೂತಾಗುವುದುಂಟು.
ಮೀಟರು ಹಚ್ಚಿದೆ. ನೀಲಿ ಮುಳ್ಳು, ಕೆಂಪು ಮುಳ್ಳು
ಇರಬೇಕಾದಲ್ಲೇ ಇದ್ದವು,
ಮೇಷ್ಟರು ಒಳಗೆ ಬಂದಾಗಿನ ಹುಡುಗರ ಹಾಗೆ.
ಹುಸ್ಸಾಮ್ ನೇರಳೆ ದೀಪ ಹಿಡಿದು ಅಡಿಗೆ ನುಸುಳಿದ;
ಹಸಿರು ಹನಿಯೊಂದು ಎಲ್ಲೂ ಹೊಳೆಯಲಿಲ್ಲ.
ಹಿಂದೆ ಕೈಯೊಡ್ಡಿದರೆ ತಣ್ಣಗೇ ಬೀಸುತ್ತಿತ್ತು ಗಾಳಿ,
ಡಾಕ್ಟರ ಮುಂದೆ ಕೂತ ಕೂಡಲೇ
ಹಲ್ಲುನೋವು ಮಾಯವಾಗುವಂತೆ.

ಹಾಗಾದರೆ ವಾಲ್ವು. ಆಗೊಮ್ಮೆ ಈಗೊಮ್ಮೆ ಕಚ್ಚಿಕೊಳ್ಳುತ್ತಿದೆ.
ಸಂಜೆಯವರೆಗೆ ಬಿಚ್ಚಿ, ಹೊಸದು ಕೂರಿಸಿ,
ಒಳಗಿನ ಗಾಳಿಯನ್ನೆಲ್ಲ ಪಂಪಿನಿಂದ ಹೀರಿ, ಗ್ಯಾಸು ತುಂಬಿ
ದುಡ್ಡು ಎಣಿಸಿಕೊಂಡೆ.

ಮೂರನೆಯ ದಿನ ಬಾಗಿಲಲ್ಲಿ ಅದೇ ಗಾಡಿ.
ಮಿಝ್‌ಹರ್ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮನೆಮಂದಿಯನ್ನೆಲ್ಲ ಕರೆದುಕೊಂಡು ಬಾ, ಎಂದೆ,
ದಿನಾ ಯಾರು ಎಲ್ಲಿ ಕೂರುತ್ತಾರೋ ಅಲ್ಲೇ ಕೂರಲಿ.
ಸಾಮಾನಿನ ಜಾಗದಲ್ಲಿ ನಾನು,
ಮೊಣಕಾಲು ಗದ್ದಕ್ಕೆ ತಾಗಿಸಿ, ಕೈಯಲ್ಲಿ ಥರ್ಮಾಮೀಟರು.
ನನ್ನ ಮುಂದೆ ಮೂರನೆಯ ಸಾಲು:
ನಿದ್ದೆ ಬಂದ ಇಬ್ಬರು ಹುಡುಗರು, ಒಂದು ಕಲ್ಲಂಗಡಿ,
ಮೂಲೆಯಲ್ಲಿ ಅವರ ಅಜ್ಜಿ, ಬೀಬಿ ಫಹೀಮಾ.

ಹೊಳೆದಂಡೆಯ ರಸ್ತೆ. ಹನ್ನೊಂದು ಡಿಗ್ರಿ.
ಖರ್ಜೂರದ ತೋಪು ಮುಗಿಯಿತು. ಹನ್ನೆರಡು.
ಸೇತುವೆ ದಾಟುವಷ್ಟರಲ್ಲಿ ಮೇಲಿನ ಗಾಳಿ ಸಣ್ಣಗಾಯಿತು,
ಸಣ್ಣಗಾಗಿ, ನಿಂತಿತು.
ಬದಿಯ ತಗಡಿನೊಳಗೆ ಏನೋ ಚಟಚಟ ಎಂದಿತು.
ಮಂಜುಗಡ್ಡೆ!
ಉಸಿರು ಕಟ್ಟಿದ ಯಂತ್ರ ತನ್ನ ಚಳಿಗೆ ತಾನೇ ಹೆಪ್ಪುಗಟ್ಟುತ್ತಿದೆ.

ಕುತ್ತಿಗೆ ಚಾಚಿ ನೋಡಿದೆ.
ಮುದುಕಿಯ ಮೊಣಕೈ ಪಕ್ಕ, ಗಾಳಿ ಒಳಗೆಳೆಯುವ ಜಾಲರಿಗೆ
ನಾಲ್ಕು ಮಡಿಕೆಯ ಉಣ್ಣೆಯ ಶಾಲು
ಅಂಗೈಯಿಂದ ಒತ್ತಿ ಹಿಡಿದಿದ್ದಾಳೆ,
ಅಳುವ ಕೂಸಿನ ಬೆನ್ನು ತಟ್ಟುವವಳ ಹಾಗೆ.

ಏನು ನೋಡ್ತೀಯ, ಎಂದಳು ತಿರುಗದೆ.
ಇಲ್ಲಿ ಮುಚ್ಚಿದರೆ ಅಲ್ಲಿ ನಿಲ್ಲುತ್ತೆ.
ಮೇಲಿನದಕ್ಕೆ ನನ್ನ ಕೈ ಎಟುಕೋದಿಲ್ಲ,
ಈ ಭುಜ ಏಳದೆ ಎಂಟು ವರ್ಷ.
ಹೇಳಲಿಲ್ಲವಾ ಮಗನಿಗೆ?
ಹೇಳಿದೆ. ಮಕ್ಕಳಿಗೆ ಸೆಕೆಯಮ್ಮಾ ಅಂದ.
ಆಮೇಲೆ ಹೇಳಲಿಲ್ಲ.

ನನ್ನ ಮೀಟರು, ನನ್ನ ದೀಪ, ನನ್ನ ಮೂವತ್ತು ವರ್ಷ!
ಓದುಬರಹ ಬಾರದ ಮುದುಕಿ ಕೈಯಿಂದಲೇ ತಡವಿ
ಇಡೀ ಗಾಡಿಯ ಉಸಿರಿನ ದಾರಿ ಕಂಡುಕೊಂಡಿದ್ದಳು.

ಅವಳ ತಲೆಯ ಮೇಲಿನ ತೂಬು ಜಾಮಾಗಿತ್ತು,
ತಿರುಗಿಸುವ ಬಳೆ ಮುರಿದಿತ್ತು.
ಗುಜರಿಯ ಗಾಡಿಯಿಂದ ಇನ್ನೊಂದು ಕಿತ್ತೆ.
ಹಳೆಯ ಕಿಟಕಿಯ ಹಿಡಿ, ಸೈಕಲ್ ಬ್ರೇಕಿನ ತಂತಿ
ಜೋಡಿಸಿ ಅವಳ ಮಡಿಲ ಎತ್ತರಕ್ಕೆ ಇಳಿಬಿಟ್ಟೆ.
ಚೆಂದವೇನಿಲ್ಲ. ಹುಸ್ಸಾಮ್ ನಕ್ಕ.

ವಾಲ್ವಿನ ದುಡ್ಡು ಹಿಂದೆ ಕೊಟ್ಟೆ.
ಏನಾಗಿತ್ತು, ಕೇಳಿದ ಮಿಝ್‌ಹರ್.
ಬಟ್ಟೆ ಅಡ್ಡ ಬಂದಿತ್ತು, ಎಂದೆ.
ಅಷ್ಟೇನಾ?
ಅಮ್ಮನ ಭುಜವನ್ನೂ ಯಾರಿಗಾದರೂ ತೋರಿಸು.

ಗಾಡಿ ತಿರುವಿನಲ್ಲಿ ಮರೆಯಾಗುವಾಗ
ಹಿಂದಿನ ಗಾಜಿನಲ್ಲಿ ಒಂದು ಕೈ ಅಲುಗಿತು.
ನಾನೂ ಕೈ ಬೀಸಿದೆ.
ಅವಳು ಬೀಸಿದ್ದಲ್ಲ,
ಹಿಡಿ ತಿರುಗಿಸುತ್ತಿದ್ದಳು.