ಅಲ್ಲಲ್ಲಿ

ಹದಿನಾಲ್ಕು ವರ್ಷ ನಾನು ದಿನವೂ ಬರೆದ ಪದ ಅದು.
ದಕ್ಷಿಣ ಒಳನಾಡಿನ ಅಲ್ಲಲ್ಲಿ ಗುಡುಗು ಸಹಿತ ಮಳೆ.
ಬರೆಯಲು ಸಲೀಸು,
ತಪ್ಪೆಂದು ಯಾರೂ ಬೆರಳು ತೋರಿಸಲಾರರು:
ಎಲ್ಲಿ ಬಿದ್ದರೂ ಅದು ಅಲ್ಲಲ್ಲಿಯೇ.

ಹಾಸನದ ನಮ್ಮ ಕಚೇರಿಯ ಅಂಗಳದಲ್ಲಿ
ನಾಲ್ಕು ಕಾಲಿನ ಬಿಳಿ ಪೆಟ್ಟಿಗೆ.
ಒಳಗೆ ಎರಡು ಉಷ್ಣಮಾಪಕ, ಒಂದು ಒಣ,
ಒಂದಕ್ಕೆ ಒದ್ದೆ ಬಟ್ಟೆ.
ಅವೆರಡರ ನಡುವಿನ ಅಂತರ ಓದುವುದು ನನ್ನ ಕಸುಬು.
ಭರಣಿ ಹುಟ್ಟಿದ ಮೇಲೆ ಅಂತರ ಕಿರಿದು,
ಎರಡು ಗಂಟೆಗೆಲ್ಲ ಸೀರೆ ಬೆನ್ನಿಗೆ ಅಂಟುತ್ತದೆ,
ಮೋಡ ಮೇಲೇರುತ್ತದೆ
ಒಲೆಯ ಮೇಲಿಟ್ಟು ಮರೆತ ಹಾಲಿನ ಹಾಗೆ.

ರೇಡಾರು ದೂರದ ಊರಿನದು.
ಭೂಮಿ ಬಾಗಿದೆಯಲ್ಲ, ಅಷ್ಟು ದೂರದಿಂದ
ಅದಕ್ಕೆ ಕಾಣುವುದು ಮೋಡದ ರುಮಾಲು.
ಕಾಲು ಎಲ್ಲಿಟ್ಟಿದೆ, ಕಾಣದು.

ಆ ವರ್ಷ ದುದ್ದದ ಕಡೆ ಇಟ್ಟಿತ್ತು.
ಆಲೂಗೆಡ್ಡೆ ಬಿತ್ತುತ್ತಿದ್ದ ಒಂಬತ್ತು ಹೆಂಗಸರು
ಹೊಂಗೆ ಮರದ ಕೆಳಗೆ ಓಡಿದರು,
ಬಿತ್ತನೆ ಗೆಡ್ಡೆ ನೆನೆಯಬಾರದೆಂದು ಚೀಲಗಳನ್ನೂ ಎಳೆದುಕೊಂಡು.
ನನ್ನ ಎಚ್ಚರಿಕೆ ಹೊರಟದ್ದು ಮೂರು ಹತ್ತಕ್ಕೆ.
ಇಲ್ಲಿಂದ ಡಿ.ಸಿ. ಕಚೇರಿ, ಅಲ್ಲಿಂದ ತಾಲ್ಲೂಕು,
ತಾಲ್ಲೂಕಿನಿಂದ ಗ್ರೂಪು,
ಗ್ರೂಪಿನಲ್ಲಿ ಯಾರೋ ಕೈಮುಗಿದ ಚಿತ್ರ.
ಸಿಡಿಲು ನೇರ ಬಂತು.
ಮೂರು ಇಪ್ಪತ್ತೇಳು.

ವರದಿಗೆಂದು ಹೋದೆ.
ಸತ್ತ ನಿಂಗಾಜಮ್ಮನ ನಾದಿನಿ ಸಣ್ಣತಾಯಮ್ಮ
ಮೊಬೈಲು ಮುಂದೆ ಹಿಡಿದಳು:
ಇದು ಬಂದಾಗ ಮಣ್ಣು ಮಾಡಿ ಆಗಿತ್ತು ಮೇಡಂ.
ಈ ಅಲ್ಲಲ್ಲಿ ಅನ್ನೋದು ಯಾವ ಹೋಬಳಿ?
ಕುಹಕವಿರಲಿಲ್ಲ. ನಿಜಕ್ಕೂ ಕೇಳಿದ್ದಳು.
ನಾನು ಕೊಟ್ಟ ನೀರು ಕುಡಿದು ಎದ್ದು ಬಂದೆ.

ಊರಿನ ಹೆಸರು ಹೇಳಿದ ದಿನದಿಂದ
ನಮ್ಮ ತಪ್ಪು ಶುರುವಾಗುತ್ತಮ್ಮ, ಅಂದರು ಧರಣೇಂದ್ರಯ್ಯ ಸಾಹೇಬರು,
ನಿವೃತ್ತಿಗೆ ಏಳು ತಿಂಗಳಿತ್ತು.
ಆದರೂ ರುಜು ಹಾಕಿದರು.
ಈಗ ಗೋಡೆಯ ಮೇಲೆ ಫೋನ್ ನಂಬರುಗಳು:
ಹಾಲಿನ ಡೇರಿ, ನೀರುಗಂಟಿ, ಬಿಸಿಯೂಟದ ಅಡುಗೆಯವರು.
ನಿಮಿಷಕ್ಕೆ ನಾಲ್ಕಿದ್ದ ಮಿಂಚು ಇಪ್ಪತ್ತಕ್ಕೆ ಹಾರಿತೋ
ಅಪ್ಪಣೆಗೆ ಕಾಯುವಂತಿಲ್ಲ.
ಡೇರಿಯ ಮೈಕಿನಲ್ಲಿ ನಾನು ಬರೆದದ್ದು ಕೂಗುತ್ತದೆ:
ಕಟ್ಟಾಯ ಹೋಬಳಿ. ಇನ್ನು ಇಪ್ಪತ್ತೈದು ನಿಮಿಷ.
ಹೊಲ ಬಿಡಿ. ಮರದ ಕೆಳಗೆ ನಿಲ್ಲಬೇಡಿ. ಹಸು ಆಮೇಲೆ.
(ಆ ಕೊನೆಯ ಎರಡು ಪದಕ್ಕೆ
ಎರಡು ಮೀಟಿಂಗ್ ಆಯಿತು.)

ಕಳೆದ ವಾರ ಮೋಡ ಮನಸ್ಸು ಬದಲಿಸಿ ಆಲೂರಿನತ್ತ ನಡೆಯಿತು.
ಶಾಂತಿಗ್ರಾಮದಲ್ಲಿ ಸುಡುಬಿಸಿಲು,
ಜಗಲಿ ತುಂಬ ಸುಮ್ಮನೆ ಕೂತ ಜನ.
ಅರ್ಧ ದಿನದ ಕೂಲಿ ಯಾರು ಕೊಡ್ತಾರೆ, ನಿಮ್ಮಪ್ಪನಾ?
ಫೋನಿನಲ್ಲಿ ಹನ್ನೊಂದು ಜನ ಬೈದರು.
ಎಲ್ಲರ ಮಾತೂ ಕೇಳಿಸಿಕೊಂಡೆ,
ರಿಜಿಸ್ಟರಿನಲ್ಲಿ ಬೈಗುಳಕ್ಕೆ ಕಾಲಂ ಇಲ್ಲ,
ಷರಾ ಅಂತ ಒಂದಿದೆ, ಅಲ್ಲಿ ಬರೆದೆ: ಹನ್ನೊಂದು.

ಇವತ್ತು ಎರಡೂ ಮುಕ್ಕಾಲು.
ಪರದೆಯ ಮೇಲೆ ರುಮಾಲು ಮಾತ್ರ, ಕೆಂಪು, ಇನ್ನೂ ಕೆಂಪು.
ಒಣದಕ್ಕೂ ಒದ್ದೆಗೂ ಅಂತರ ಮೂರೇ ಡಿಗ್ರಿ.
ಗುರುತಿಲ್ಲದ ನಂಬರಿನಿಂದ ಫೋನು,
ಹಿಂದೆ ಗಾಳಿಯ ಸದ್ದು, ಏದುಸಿರು:

ಮೇಡಂ, ನಾನು ದುದ್ದದ ಸಣ್ಣತಾಯಿ.
ಮೋಡದ ಕಾಲು ಕಾಣ್ತಾ ಇದೆ ಇಲ್ಲಿಂದ.
ನಿಮ್ಮ ಅಲ್ಲಲ್ಲಿ ಈಗ
ನಮ್ಮ ಕೆರೆ ಏರಿ ಮೇಲೆ ಬಂತು.

ಇನ್ನೊಂದು ಕೈಯಲ್ಲಿ ಆಗಲೇ
ಡೇರಿಯ ನಂಬರು ಒತ್ತುತ್ತಿದ್ದೇನೆ.
ನೀನೆಲ್ಲಿದ್ದೀಯ, ಎಂದು ಕೂಗುತ್ತೇನೆ,
ಮರದ ಕೆಳಗಾ?